ಮತಪತ್ರದಲ್ಲಿ ಎರಡನೆಯ ಹೆಸರು

ಶಾಲೆಯ ಬೆಳಗಿನ ಕ್ಲಬ್ಬಿಗೆ ದಿನಕ್ಕೆ ನಾಲ್ಕೂವರೆ ಪೌಂಡ್. ಏಳೂವರೆಗೆ ಮಗುವನ್ನು ಬಿಟ್ಟರೆ ತಿಂಡಿ ಕೊಟ್ಟು, ಹೊತ್ತಿಗೆ ಸರಿಯಾಗಿ ತರಗತಿಗೆ ಕಳಿಸುತ್ತಾರೆ. ಅದೇ ಕೆಲಸಕ್ಕೆ ಮನೆಗೇ ಬರುವವರನ್ನು ಗೊತ್ತುಮಾಡಿಕೊಂಡರೆ ಇಪ್ಪತ್ತೆರಡು ಪೌಂಡ್. ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಹಂಸಾಳ ಸಂಬಳಕ್ಕೆ ಮೊದಲನೆಯದಷ್ಟೇ ಒಗ್ಗುತ್ತಿತ್ತು. ಎಂಟಕ್ಕೆ ಡ್ಯೂಟಿ. ವಿಚ್ಛೇದನವಾದ ಮೇಲೆ ಮನೆಯಲ್ಲಿ ಅವಳು ಮತ್ತು ಏಳು ವರ್ಷದ ಮಗಳು ನಿಹಾರಿಕಾ, ಇಬ್ಬರೇ.

ಆ ಕ್ಲಬ್ಬನ್ನು ಸೆಪ್ಟೆಂಬರಿನಿಂದ ಮುಚ್ಚುವ ಮಾತು ಶಾಲೆಯ ಆಡಳಿತ ಮಂಡಳಿಯಲ್ಲಿ ಎದ್ದಿತ್ತು. ಪೋಷಕರು ಮತ ಹಾಕಿ ತಮ್ಮಲ್ಲೊಬ್ಬರನ್ನು ಆ ಮಂಡಳಿಗೆ ಕಳಿಸುತ್ತಾರೆ. ಪೇರೆಂಟ್ ಗವರ್ನರ್ ಎನ್ನುತ್ತಾರೆ ಅವರಿಗೆ. ಕ್ಲಬ್ ಉಳಿಸಲೆಂದೇ ಹಂಸಾ ಚುನಾವಣೆಗೆ ನಿಂತಿದ್ದಳು.

ಸೋಮವಾರ ಮಗಳ ಚೀಲದಲ್ಲಿ ಮತಪತ್ರ ಮನೆಗೆ ಬಂತು. ಒಂದು ಸ್ಥಾನ, ಮೂರು ಹೆಸರು. ಮೊದಲನೆಯದು ಮಿಸೆಸ್ ಹಾರ್ಟ್ಲಿ, ಕ್ಲಬ್ ಮುಚ್ಚಲಿ ಎನ್ನುವವಳು. ಮೂರನೆಯದು ತನ್ನದು. ನಡುವೆ...

ಉಮಾಶಂಕರ!

ಮರುದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಆ ಹಾಳೆಯನ್ನು ಅವನ ಎದೆಗೆ ಹಿಡಿದಳು.

"ಇದು ನೀವೇ ತಾನೇ?"

ಉಮಾಶಂಕರ ಒಂದು ಹೆಜ್ಜೆ ಹಿಂದೆ ಸರಿದ. ಹೆಂಡತಿ ತೀರಿಹೋದ ಮೇಲೆ ಮಗಳು ಸುಚೇತಾಳನ್ನು ಒಬ್ಬನೇ ಸಾಕುತ್ತಿದ್ದ ಧಾರವಾಡದ ಎಂಜಿನಿಯರ್ ಅವನು. ಹಂಸಾಳ ಅಡುಗೆಮನೆಯ ಮೇಜಿಗೆ ಮೂರು ಸಂಜೆ ಕೂತು ಅವಳ ಪ್ರಚಾರದ ಬರಹ ತಿದ್ದಿದ್ದವನೂ ಅವನೇ. "ಬೇಡಿಕೊಳ್ಳಬೇಡಿ ಹಂಸಾ, ಕೇಳಿ" ಎಂದಿದ್ದ. ಆ ಮಾತಿಗೇ ಅವಳ ಮನಸ್ಸು ಅವನತ್ತ ವಾಲಿತ್ತು.

"ನಾನೇ ಹೇಳೋಣ ಅಂತಿದ್ದೆ..."

"ಯಾವಾಗ? ಗೆದ್ದ ಮೇಲಾ?"

"ಹಾಗಲ್ಲ. ಮೊದಲ ನೋಟೀಸಿನಲ್ಲಿ..."

"ನನ್ನ ಗಂಡ ಲೀಡ್ಸ್‌ನಲ್ಲಿ ಬೇರೆ ಸಂಸಾರ ಹೂಡಿ, ಎಲ್ಲಾ ಮುಗಿದ ಮೇಲೆ ನನಗೆ ಹೇಳಿದ್ರು. ಅದನ್ನ ಈ ಊರಲ್ಲಿ ನಿಮಗೊಬ್ಬರಿಗೇ ಹೇಳಿದ್ದೆ ನಾನು. ಕೇಳಿಸ್ಕೊಂಡು, ತಲೆ ಆಡಿಸಿ, ನೀವೂ ಅದನ್ನೇ ಮಾಡಿದ್ರಲ್ಲ!"

ತಿರುಗಿ ನೋಡದೆ ಬಸ್ ಹತ್ತಿದಳು. ಎಕ್ಸ್‌ರೇ ಕೋಣೆಯಲ್ಲಿ ರೋಗಿಗಳಿಗೆ "ಉಸಿರು ಬಿಗಿಹಿಡೀರಿ" ಎನ್ನುವಾಗಲೆಲ್ಲ ತನ್ನದೇ ಉಸಿರು ಕಟ್ಟುತ್ತಿತ್ತು.

'ನಂಬಿದ್ದು ಅವನ ತಪ್ಪಲ್ಲ, ನನ್ನದು... ಎರಡನೇ ಸಲ!'

ಗುರುವಾರ ಗೆಳತಿ ರಜನಿ ಫೋನು ಮಾಡಿದಳು. ಅವಳು ಅವರ ಬಡಾವಣೆಯ ಕುಟುಂಬ ವೈದ್ಯೆ, ಅವಳ ಮಗನೂ ಅದೇ ಶಾಲೆ.

"ಏನೇ ಇದು? ನಿನ್ನ ಉಮಾಶಂಕರ ಎರಡು ದಿನದಿಂದ ಗೇಟಿನಲ್ಲಿ ನಿಂತಿದಾನೆ. ನನಗೆ ಹಾಕಬೇಡಿ, ಹಂಸಾಗೆ ಹಾಕಿ ಅಂತ ಬಂದೋರಿಗೆಲ್ಲ ಹೇಳ್ತಿದಾನೆ."

"ನನ್ನ ಉಮಾಶಂಕರ ಅನ್ಬೇಡ."

"ಸರಿ ಬಿಡು, ಯಾರದೋ ಉಮಾಶಂಕರ. ಆದ್ರೆ ಈ ಇಂಗ್ಲಿಷರು ಇದಾರಲ್ಲ, ಎಂಥ ವಿನಯವಂತ ಅಂತ ಮೆಚ್ಚಿ ಅವನಿಗೇ ಹಾಕ್ತಿದಾರೆ ಕಣೇ!"

ನಗು ಬರಬೇಕಿತ್ತು. ಹಂಸಾಳಿಗೆ ಅಳು ಬಂತು.

ಎಣಿಕೆ ಮುಗಿಯಿತು. ಹಾರ್ಟ್ಲಿಗೆ ಅರವತ್ತೊಂದು. ಹಂಸಾಳಿಗೆ ಐವತ್ತೇಳು. ಉಮಾಶಂಕರನಿಗೆ ಮೂವತ್ತೆಂಟು. ಎರಡು ವಾರಕ್ಕೆ ಕ್ಲಬ್ ಮುಚ್ಚುವ ಪತ್ರವೂ ಬಂತು.

ಆ ಶನಿವಾರ ಅವನು ಬಾಗಿಲಿಗೆ ಬಂದ. ಹಂಸಾ ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಮಾತಾಡಿದ. ಸದಾ ಬೆಂಗಳೂರಿನ ಮಾತಾಡುತ್ತಿದ್ದವನಿಗೆ ಅಂದು ಊರಿನ ಮಾತೇ ಬಾಯಿಗೆ ಬಂತು.

"ಮೊದಲ ನೋಟೀಸಿನಾಗ ಎರಡು ಜಾಗ ಅಂತಿತ್ರಿ. ನಿಮಗೊಂದು, ನನಗೊಂದು. ನಾಕು ವರ್ಷ ಮಂಡಳ್ಯಾಗ ನಿಮ್ಮ ಮಗ್ಗಲಕ್ಕ ಕೂಡಬಹುದಲ್ಲ ಅಂತ ಆಸೆ ಬಿತ್ತು. ಕೆಲಸ ಆಗೂತನಕ ಬಾಯಿ ಬಿಡಬ್ಯಾಡ, ದೃಷ್ಟಿ ಆಗತೈತಿ ಅಂತ ನಮ್ಮವ್ವ ಅಂತಿದ್ಲು. ಅದಕ್ಕ ಸುಮ್ಮನಿದ್ದೆ."

"ಒಂದೇ ಜಾಗ ಅಂತ ಆದ ಮೇಲೆ?"

"ಹಳೇ ಗವರ್ನರ್ ಒಬ್ರು ತಮ್ಮ ಜಾಗ ಬಿಡೂದಿಲ್ಲ ಅಂದ್ರು. ಅಷ್ಟರಾಗ ಹೆಸರು ವಾಪಸ್ ತಗೊಳ್ಳೋ ದಿನ ಮುಗಿದಿತ್ತು. ಆವಾಗರೆ ಹೇಳಬೇಕಿತ್ತು. ನಿಮ್ಮ ಮುಖ ನೋಡಾಕ ಹೆದರಿದೆ. ದೃಷ್ಟಿ ಅಲ್ರಿ ಅದು, ನನ್ನ ಹೇಡಿತನ."

"ನಿಮ್ಮ ಆಸೆಗೆ, ನಿಮ್ಮ ಹೆದರಿಕೆಗೆ, ನನ್ನ ಕೆಲಸ ಹೋಗಬೇಕಾ ಉಮಾಶಂಕರ್?"

ಅವನು ತಲೆ ತಗ್ಗಿಸಿದ.

"ನಾ ಮನಿಯಿಂದನ ಕೆಲಸ ಮಾಡ್ತೀನಿ. ಏಳೂವರೆಗೆ ನಿಹಾರಿಕಾನ್ನ ನಮ್ಮನಿಗೆ ಬಿಡ್ರಿ, ಸುಚೇತಾನ ಜೋಡಿ ಸಾಲಿಗೆ ಕರಕೊಂಡು ಹೋಗ್ತೀನಿ. ನಿಮ್ಮನ್ನ ಮದುವಿ ಆಗಬೇಕಂತ ಮನಸೈತಿ. ನೀವು ಒಲ್ಲೆ ಅಂದ್ರೂ ಈ ಕೆಲಸ ಬಿಡೂದಿಲ್ಲ."

"ಮದುವೆ ಮಾತು ಬೇಡ" ಎಂದು ಬಾಗಿಲು ಹಾಕಿದಳು.

ಆದರೆ ಹಟ ಹೊಟ್ಟೆ ತುಂಬಿಸುವುದಿಲ್ಲ. ಸೆಪ್ಟೆಂಬರಿನ ಮೊದಲ ದಿನ ನಿಹಾರಿಕಾಳನ್ನು ಅವನ ಮನೆಗೆ ಬಿಟ್ಟಳು. ಮುಖ ಕೊಟ್ಟು ಮಾತಾಡಲಿಲ್ಲ. ಅವನೂ ಮೇಲೆ ಬಿದ್ದು ಬರಲಿಲ್ಲ. ಫೋನಿಗೆ ಸಂದೇಶ ಮಾತ್ರ ಬರುತ್ತಿತ್ತು. ನಾಳೆ ಆಫೀಸಿನ ಕರೆ ಇದೆ, ಹತ್ತು ನಿಮಿಷ ಮೊದಲೇ ಹೊರಡುತ್ತೇವೆ. ಮುಂದಿನ ಮಂಗಳವಾರ ಹಲ್ಲಿನ ಡಾಕ್ಟರ್, ರಜನಿಯವರನ್ನು ಕೇಳಿಟ್ಟಿದ್ದೇನೆ. ಅವನಿಗೇ ಜ್ವರ ಬಂದಾಗ ಅದನ್ನೂ ಆ ಸಂಜೆಯೇ ತಿಳಿಸಿದ್ದ.

"ಮಮ್ಮಿ, ಹೀ ಡಸ್ ಮೈ ಪ್ಲ್ಯಾಟ್ಸ್ ಬೆಟರ್ ದ್ಯಾನ್ ಯು" ಎಂದಳು ನಿಹಾರಿಕಾ ಒಂದು ದಿನ, ಎರಡು ಜಡೆ ತೋರಿಸುತ್ತ.

ನವೆಂಬರಿನ ಒಂದು ಬೆಳಿಗ್ಗೆ ಮಗಳು ಒಳಗೆ ಓಡಿದರೂ ಹಂಸಾ ಅಲ್ಲೇ ನಿಂತಳು.

"ಬಸ್ ತಪ್ಪತೈತಿ" ಎಂದ ಉಮಾಶಂಕರ.

"ತಪ್ಪಲಿ. ನಿಮ್ಮ ಮೇಲೆ ಇನ್ನೂ ಸಿಟ್ಟಿದೆ ನನಗೆ."

"ಇರಲಿ. ಎಷ್ಟು ದಿನ ಬೇಕಾದ್ರೂ ಇರಲಿ."

"ಸಿಟ್ಟು ಇಟ್ಕೊಂಡೇ ಮದುವೆ ಆಗಬಹುದಾ?"

ಅವನ ಕಣ್ಣು ತುಂಬಿತು. "ಆಗಬಹುದು ಹಂಸಾ... ಎಲ್ಲಾರೂ ಹಂಗಽ ಇರ್ತಾರ!"

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ, ಬಾಯಿ ತುಂಬ. ಅವನ ಕೈ ಹಿಡಿದಳು.

ಚುನಾವಣೆ ಹೋಯಿತು, ಕ್ಲಬ್ ಹೋಯಿತು, ಕಣ್ಣು ಮುಚ್ಚಿ ನಂಬುವ ಅಭ್ಯಾಸವೂ ಹೋಯಿತು. ಕೆಲಸ ಉಳಿಯಿತು. ಉಮಾಶಂಕರ ಸಿಕ್ಕಿದ.