ಹದಿನಾಲ್ಕು ಪೆಟ್ಟಿಗೆ ಪದಗಳು

ಕಪಾಟಿನ ಬಾಗಿಲು ತೆರೆದಿತ್ತು. ಒಳಗೆ ಒಂದೂ ಪೆಟ್ಟಿಗೆ ಇರಲಿಲ್ಲ.

ವ್ಲಾಸ್ತಾ ಮಿಕೆಶೋವಾ ಕೋಟನ್ನೂ ಕಳಚದೆ ಖಾಲಿ ಹಲಗೆಗಳ ಮೇಲೆ ಕೈಯಾಡಿಸಿದರು. ಎಪ್ಪತ್ತೊಂದರ ಆಕೆಯ ಕಣ್ಣಲ್ಲಿ ಅರ್ಧ ಮಂಜು. ಕಣ್ಣಿಗಿಂತ ಕೈಯನ್ನೇ ನಂಬುವ ಕಾಲ ಬಂದಿತ್ತು. ಕೈಯೂ ಅದನ್ನೇ ಹೇಳಿತು. ಹದಿನಾಲ್ಕು ಬೂಟಿನ ಪೆಟ್ಟಿಗೆಗಳು ಮಾಯ.

ಪೆಟ್ಟಿಗೆಗಳ ತುಂಬ ಚೀಟಿಗಳಿದ್ದವು. ರಫ್ತು ಕಚೇರಿಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪತ್ರ ಬರೆದ ಆಕೆ, ವ್ಯಾಪಾರದ ಒಂದೊಂದು ಇಂಗ್ಲಿಷ್ ಪದಕ್ಕೂ ಒಂದೊಂದು ಚೀಟಿ ಮಾಡಿದ್ದರು. ಮೇಲೆ ಇಂಗ್ಲಿಷ್, ಕೆಳಗೆ ಚೆಕ್. ಹನ್ನೊಂದು ಸಾವಿರ ಚೀಟಿ. ಯಾವುದಕ್ಕೂ ನಕಲಿರಲಿಲ್ಲ. ನಾಳೆ, ಸೋಮವಾರ, ಪ್ರಾಗ್‌ನ ಪ್ರಕಾಶಕರು ಬಂದು ಅವನ್ನು ಒಯ್ಯಬೇಕಿತ್ತು. ವಸಂತದ ಹೊತ್ತಿಗೆ ಪುಸ್ತಕ. ಅಷ್ಟರವರೆಗೆ ಕಣ್ಣು ತಡೆದೀತು ಎಂದು ವೈದ್ಯರು ಹೇಳಿದ್ದರು, ಅದೂ ಮೆಲ್ಲಗೆ.

ಕಮ್ಯುನಿಸ್ಟ್ ಆಡಳಿತ ಬಿದ್ದು ಗಡಿ ತೆರೆದು ಮೂರು ವರ್ಷವಾಗಿತ್ತು. ಒಲೊಮೌತ್ಸ್ ಊರಿಗೆ ಊರೇ ಇಂಗ್ಲಿಷ್ ಕಲಿಯುತ್ತಿತ್ತು. ಠಾಣೆಯ ಅಧಿಕಾರಿ ಲಿಬೊರ್ ಹಂಜ್ಲೀಕ್ ಕೂಡ ಕಲಿಯುತ್ತಿದ್ದ, ಪ್ರತಿ ಮಂಗಳವಾರ, ಇದೇ ಮನೆಯಲ್ಲಿ, ವ್ಲಾಸ್ತಾ ಬಳಿ. ಫೋನಿನಲ್ಲಿ ಟೀಚರ್ ದನಿ ಕೇಳಿದ್ದೇ ಅರ್ಧ ತಿಂದ ಊಟ ಬಿಟ್ಟು ಬಂದ.

ಬೀದಿಯಲ್ಲಿ ದಟ್ಟ ಮಂಜು. ಶುಕ್ರವಾರ ಬೆಳಿಗ್ಗೆಯಿಂದ ಗ್ಯಾಸ್ ಪೈಪಿಗಾಗಿ ರಸ್ತೆ ಅಗೆದು ಬಿಟ್ಟಿದ್ದರು. ಎಲ್ಲೆಲ್ಲೂ ಹಳದಿ ಕೆಸರು. ಮೆಟ್ಟಿಲ ಮೇಲೂ ಕೆಸರು. ಲಿಬೊರ್ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಎಲ್ಲರಂತೆ, ಮನೆಚಪ್ಪಲಿ ಹುಡುಕಿದ. ಅತಿಥಿಗಳ ಜೋಡಿ ಅವನ ಕಾಲಿಗೆ ಹಿಡಿಸಲಿಲ್ಲ.

"ಆ ಚೌಕಳಿದು ಹಾಕ್ಕೊ," ಎಂದರು ವ್ಲಾಸ್ತಾ. "ಎವ್ಜೆನ್ ಅವ್ರದು, ನಮ್ಮ ಹಳೇ ಕಚೇರಿಯವ್ರು, ವಾರಕ್ಕೊಮ್ಮೆ ಚೀಟಿ ತಿದ್ದೋಕೆ ಬರ್ತಾರಲ್ಲ. ಗುರುವಾರ ಬಿಟ್ರೆ ಅದನ್ನ ಯಾರೂ ಮುಟ್ಟಲ್ಲ."

ದಪ್ಪ ಉಣ್ಣೆಯ ಚಪ್ಪಲಿ. ಕಾಲಿಟ್ಟಾಗ ತಣ್ಣಗೆ ತಗುಲಿತು. ಹಾಳು ನವೆಂಬರ್ ಎಂದುಕೊಂಡು ಲಿಬೊರ್ ಒಳಗೆ ನಡೆದ.

"ನೀವು ಊರಲ್ಲಿರ್ಲಿಲ್ವಾ?"

"ಶುಕ್ರವಾರ ಬೆಳಗಿನ ಗಾಡಿಗೆ ತಂಗಿ ಮನೆಗೆ ಹೋದೆ. ಅಲ್ಲಿ ಹಬ್ಬದ ಬಾತುಕೋಳಿ ಊಟ ಇತ್ತು. ಈಗ ತಾನೆ ಬಂದೆ."

"ಬೀಗ ಸರಿಯಾಗೇ ಇದೆ."

"ಬೀಗದ ಕೈ ಬಾಗಿಲಾಚೆ ಕರೆಂಟ್ ಮೀಟರ್ ಡಬ್ಬಿಯಲ್ಲಿರುತ್ತೆ. ಬರೋರು ಹೋಗೋರಿಗೆಲ್ಲ ಗೊತ್ತು. ನಿಂಗೂ ಗೊತ್ತು."

"ಸರಿ, ನನ್ನ ಹೆಸರನ್ನೂ ಪಟ್ಟಿಗೆ ಸೇರಿಸ್ತೀನಿ," ಎಂದ ಲಿಬೊರ್. ಆಕೆ ನಗಲಿಲ್ಲ.

ಅವನು ಮಂಡಿಯೂರಿ ನೆಲ ನೋಡಿದ. ಬಾಗಿಲಿಂದ ಕಪಾಟಿನವರೆಗೆ ಮೇಣ ತಿಕ್ಕಿದ ಮರದ ನೆಲ ಹೊಳೆಯುತ್ತಿತ್ತು. ಹಳದಿ ಮಣ್ಣಿನ ಒಂದು ಚುಕ್ಕೆಯೂ ಇಲ್ಲ.

"ಬಂದು ಒರೆಸಿದ್ರಾ?"

"ಕೋಟೇ ಬಿಚ್ಚಿಲ್ಲ ಮಾರಾಯ, ಒರೆಸೋದೆಲ್ಲಿಂದ ಬಂತು!"

ಅಂದರೆ ಕಳ್ಳ ಬೂಟು ಬಿಚ್ಚಿಟ್ಟು ಒಳಗೆ ಬಂದಿದ್ದ. ಲಿಬೊರ್‌ಗೆ ನಗು ಬಂತು. ಆಮೇಲೆ ಟೀಚರ್ ಮುಖ ನೋಡಿ ನಗು ಇಳಿಯಿತು. ಆಕೆ ಕುರ್ಚಿಯಲ್ಲಿ ಕುಸಿದಿದ್ದರು.

"ಇಂಗ್ಲಿಷ್ ಪದ ಅಂದ್ರೆ ದೂರದಿಂದ ಬಂದ ನೆಂಟ, ಲಿಬೊರ್. ಬಾಗಿಲಲ್ಲೇ ನಿಲ್ಲಿಸಬಾರ್ದು. ಒಳಗೆ ಕರೆದು ಮನೆಯವರ ಹಾಗೆ ಮಾಡ್ಕೋಬೇಕು. ಗುಡ್‌ವಿಲ್ ಅಂತ ಬಂತು. ನಾವು 'ಒಳ್ಳೆ ಹೆಸರು' ಅಂತ ಕೂರಿಸಿದ್ವಿ. ಆ ಒಂದಕ್ಕೇ ನಂಗೂ ಎವ್ಜೆನ್‌ಗೂ ಎರಡು ಚಳಿಗಾಲ ಜಗಳ." ಆಕೆ ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಬರೆಯೋಕೆ ನಂಗೆ ಕಣ್ಣಿಲ್ಲಪ್ಪ."

ಮೇಜಿನ ಮೇಲೆ ಪ್ರಕಾಶಕರ ಪತ್ರವಿತ್ತು. ವಿಳಾಸ ಬೇಕಾದೀತೆಂದು ಲಿಬೊರ್ ಕೇಳಿ ಜೇಬಿಗಿಟ್ಟುಕೊಂಡ.

"ಏನು ಬರೆದಿದ್ದಾರೆ?"

"ತುಂಬ ಸಂತೋಷ, ಹಾಗೇ ಅಚ್ಚು ಹಾಕ್ತೀವಿ ಅಂತ. ಎವ್ಜೆನ್ ಓದಿ ಹೇಳಿದ್ರು. ನಂಗೆ ಬರೋ ಪತ್ರ ಎಲ್ಲಾ ಅವ್ರೇ ಓದೋದು."

*

ಕೆಳಮನೆಯ ಬಾರ್ತೊಶೋವಾಗೆ ಮೆಟ್ಟಿಲು ತೊಳೆಯುವ ಸರದಿ. ಕೈಯಲ್ಲಿ ಬಕೆಟ್ಟು, ಬಾಯಲ್ಲಿ ಬೈಗುಳ.

"ಕಳ್ಳತನಾನಾ? ನಿನ್ನೆ ಆ ಕುಬಿಚೆಕ್ ಬಂದಿದ್ದ ನೋಡಿ. ಕೆಂಪು ಕಾರು. ಈ ಮಂಜಲ್ಲಿ ಬೇರೇನೂ ಕಾಣ್ಲಿಲ್ಲ, ಅದೊಂದು ಕಂಡ್ತು. ನನ್ನ ಮೆಟ್ಟಿಲೆಲ್ಲ ಹಾಳು ಮಾಡಿ ಹೋದ!"

"ಕೈಯಲ್ಲಿ ಪೆಟ್ಟಿಗೆ ಇತ್ತಾ?"

"ಅಷ್ಟೊತ್ತಿಗೆ ನನ್ನ ಒಲೆ ಮೇಲೆ ಸಾರು ಉಕ್ಕುತ್ತಿತ್ತು. ಆಮೇಲೂ ಯಾರೋ ಹತ್ತಿ ಇಳಿದು ಮಾಡಿದ್ರು. ಮೆಲ್ಲಗೆ, ಭಾರ ಹೊತ್ತವರ ಹಾಗೆ."

ರಾಡೆಕ್ ಕುಬಿಚೆಕ್ 'ಮೂವತ್ತು ದಿನದಲ್ಲಿ ವ್ಯಾಪಾರದ ಇಂಗ್ಲಿಷ್' ಎಂಬ ಶಾಲೆ ತೆರೆದಿದ್ದ. ವ್ಲಾಸ್ತಾರ ಚೀಟಿಗಳ ಮೇಲೆ ಅವನಿಗೆ ಮೊದಲಿಂದ ಕಣ್ಣು. ಭಾನುವಾರವೂ ಕಚೇರಿಯಲ್ಲಿದ್ದ. ಲಿಬೊರ್ ಬಾಗಿಲಲ್ಲಿ ಬೂಟಿನ ದಾರಕ್ಕೆ ಬಗ್ಗಿದ.

"ಬೇಡ ಬೇಡ! ಬಿಚ್ಬೇಡಿ!" ಎಂದು ಕುಬಿಚೆಕ್ ಕೂಗಿದ. "ಇದು ಆಫೀಸ್ ರೀ. ಮ್ಯಾನೇಜರ್ ಆದವನು ಉಣ್ಣೆ ಚಪ್ಪಲಿ ಹಾಕ್ಕೊಂಡು ಮಾರ್ಕೆಟಿಂಗ್ ಮಾಡೋಕಾಗುತ್ತಾ?"

ಅವನ ಹೊಚ್ಚಹೊಸ ನೆಲಹಾಸಿನ ಮೇಲೆ ಹಳದಿ ಕೆಸರಿನ ಹೆಜ್ಜೆಗಳು ಸಾಲುಗಟ್ಟಿದ್ದವು.

"ಮನೇಲೂ ಬಿಚ್ಚಲ್ವಾ?"

"ಎಲ್ಲೂ ಬಿಚ್ಚಲ್ಲ. ಅಮೆರಿಕಾದಲ್ಲಿ ಯಾರು ಬಿಚ್ತಾರೆ? ನಮ್ಮಮ್ಮ ನಾನು ಹೋದಾಗೆಲ್ಲ ಅಳ್ತಾಳೆ, ಹಿಂದೇನೇ ಬಟ್ಟೆ ಹಿಡ್ಕೊಂಡು ಬರ್ತಾಳೆ. ಅಭ್ಯಾಸ ಆಗ್ಲಿ ಬಿಡಿ."

"ನಿನ್ನೆ ಮಿಕೆಶೋವಾ ಮನೆಗೆ ಹೋಗಿದ್ರಿ."

"ಹೋದೆ. ಚೀಟಿ ನಂಗೆ ಕೊಡಿ ಅಂತ ಕೇಳೋಣ ಅಂತ. ಬಾಗಿಲು ತಟ್ಟಿದೆ, ಯಾರೂ ಇರ್ಲಿಲ್ಲ. ಬಂದೆ." ಅವನ ಮುಖ ಸಣ್ಣದಾಯಿತು. "ಯಾಕೆ, ಏನಾಯ್ತು? ಚೀಟಿ ಹೋಯ್ತಾ? ಅಯ್ಯೋ! ಆ ಮುದುಕಮ್ಮನ ಹತ್ರಾನೇ ರೀ ನಾನು ಇಂಗ್ಲಿಷ್ ಕಲ್ತಿದ್ದು."

ಅವನು ನಿಜವಾಗಿಯೂ ಬೇಜಾರು ಮಾಡಿಕೊಂಡಿದ್ದ. ಲಿಬೊರ್ ನೆಲದ ಕೆಸರು ನೋಡಿದ. ತಾಯಿ ಮನೆಯಲ್ಲೇ ಬೂಟು ಬಿಚ್ಚದವನು ಕಳ್ಳತನಕ್ಕೆ ಹೋಗಿ ಬಿಚ್ಚುತ್ತಾನೆಯೇ? ಇವನಲ್ಲ ಎಂದು ಅಲ್ಲೇ ತೀರ್ಮಾನವಾಯಿತು.

ಆಗ ಲಿಬೊರ್‌ಗೆ ಇನ್ನೊಂದು ಹೊಳೆಯಿತು. ಬೂಟಿನೊಳಗೆ ತನ್ನ ಕಾಲುಚೀಲ ಒದ್ದೆಯಾಗಿತ್ತು. ಬೂಟು ಹೊಸದು, ಹನಿ ನೀರೂ ಒಳಗೆ ಬಿಡದು. ಹಾಗಾದರೆ ಕಾಲು ಎಲ್ಲಿ ಒದ್ದೆಯಾಯಿತು?

*

ಟ್ರಾಮ್‌ನಲ್ಲಿ ಅವನೊಬ್ಬನೇ. ಕಿಟಕಿಯಾಚೆ ಊರೇ ಇರಲಿಲ್ಲ, ಬರೀ ಬಿಳುಪು. ಗೋಪುರ, ಸೇತುವೆ, ಮನುಷ್ಯರು ಅರೆಗಳಿಗೆ ತೋರಿ ಮಸುಕಾಗುತ್ತಿದ್ದರು. ಲಿಬೊರ್‌ಗೆ ಮಂಪರು ಹತ್ತಿತು. ಹನ್ನೊಂದು ಸಾವಿರ ಪದಗಳು ಆ ಮಂಜಿನಲ್ಲಿ ಗಂಟುಮೂಟೆ ಹಿಡಿದು ಮನೆ ಹುಡುಕುತ್ತ ಅಲೆಯುತ್ತಿವೆ ಎನಿಸಿತು. ಒಂದೊಂದೂ ಕಿಟಕಿಯ ಹತ್ತಿರ ಬಂದು ಅವನ ಮುಖ ನೋಡಿ ಮುಂದೆ ಹೋಗುತ್ತಿತ್ತು. ಪಾಠದಲ್ಲಿ ಎಷ್ಟು ಸಲ ಬೈಸಿಕೊಂಡರೂ ನೆನಪಿಟ್ಟುಕೊಳ್ಳದ ಪದಗಳ ಮೇಲೆ ಆಗ ಅವನಿಗೆ ಎಲ್ಲಿಲ್ಲದ ಪ್ರೀತಿ ಬಂತು.

ಗಂಟೆ ಬಾರಿಸಿ ಟ್ರಾಮ್ ನಿಂತಾಗ ಎಚ್ಚರವಾಯಿತು. ಜೇಬಿನಿಂದ ಪತ್ರ ತೆಗೆದು ಓದಿದ. ಸಂತೋಷ, ಗೌರವ, ವಸಂತಕ್ಕೆ ಪುಸ್ತಕ. ಮೂರನೆಯ ಪ್ಯಾರಾದಲ್ಲಿ ಅವನ ಕಣ್ಣು ನಿಂತಿತು.

'ಇಂದಿನ ವ್ಯಾಪಾರಸ್ಥರು ಇಂಗ್ಲಿಷ್ ಪದಗಳನ್ನೇ ಬಳಸುತ್ತಾರೆ. ಆದ್ದರಿಂದ ನೀವು ರೂಪಿಸಿದ ಚೆಕ್ ಪದಗಳಲ್ಲಿ ಹೆಚ್ಚಿನವನ್ನು ಕೈಬಿಡಲಿದ್ದೇವೆ. ಆಕ್ಷೇಪವಿದ್ದರೆ ಚೀಟಿಗಳನ್ನು ಒಪ್ಪಿಸುವ ಮುನ್ನ ತಿಳಿಸಿ.'

ಲಿಬೊರ್ ಎರಡು ಸಲ ಓದಿದ. ಮುಂದಿನ ನಿಲ್ದಾಣದಲ್ಲಿ ಇಳಿದು ಎವ್ಜೆನ್ ಸ್ಲಾವಿಕ್‌ಗೆ ಫೋನ್ ಮಾಡಿದ. ಟೀಚರ್ ಮನೆಗೆ ಒಂದು ಗಳಿಗೆ ಬಂದು ಹೋಗಿ ಎಂದ.

*

ಎವ್ಜೆನ್ ಸಣಕಲು ಮನುಷ್ಯ, ಶುಭ್ರವಾದ ಕಾಲರು. ವ್ಲಾಸ್ತಾ ಜೊತೆ ಅದೇ ರಫ್ತು ಕಚೇರಿಯಲ್ಲಿ ಎದುರು ಮೇಜಿನಲ್ಲಿ ಕೂತವರು. ನಿವೃತ್ತಿಯಾದ ಮೇಲೆ ಗುರುವಾರ ಗುರುವಾರ ಚೀಟಿ ತಿದ್ದಲು ಬರುತ್ತಿದ್ದರು. ಇಷ್ಟು ವರ್ಷವಾದರೂ ಇಬ್ಬರೂ 'ನೀವು' ಬಿಟ್ಟಿರಲಿಲ್ಲ. ಬಾಗಿಲಲ್ಲಿ ಬೂಟು ಬಿಚ್ಚಿ, ನೋಡದೆಯೇ ಚೌಕಳಿ ಚಪ್ಪಲಿಗೆ ಕಾಲು ತೂರಿಸಿದರು.

"ಒದ್ದೆ ಇದೆಯಾ?" ಎಂದು ಲಿಬೊರ್ ಕೇಳಿದ.

ಎವ್ಜೆನ್ ಕಾಲು ಹಿಂದಕ್ಕೆಳೆದುಕೊಂಡರು.

"ಮಧ್ಯಾಹ್ನ ನಾನು ಹಾಕ್ಕೊಂಡಾಗಲೂ ಒದ್ದೆ ಇತ್ತು. ಗುರುವಾರದ ಒದ್ದೆ ಆಗಿದ್ರೆ ಭಾನುವಾರದೊಳಗೆ ಒಣಗ್ತಿತ್ತು. ಅಲ್ದೆ ಗುರುವಾರ ಬೀದಿ ಅಗೆದೇ ಇರ್ಲಿಲ್ಲ. ನಿನ್ನೆ ಯಾರೋ ಕೆಸರು ತುಳಿದು ಬಂದಿದ್ದಾರೆ. ಬೂಟು ಹಳೇದು, ಕಾಲುಚೀಲ ನೆಂದಿದೆ. ಒಳಗೆ ಕಾಲಿಡೋ ಮೊದ್ಲು ಅಭ್ಯಾಸದ ಮೇಲೆ ತಮ್ಮ ಚಪ್ಪಲಿ ಹಾಕ್ಕೊಂಡಿದ್ದಾರೆ. ಪೆಟ್ಟಿಗೆಗಳನ್ನೆಲ್ಲ ಬಾಗಿಲ ಹತ್ರ ತಂದಿಟ್ಟು, ಚಪ್ಪಲಿನ ಅದರ ಜಾಗದಲ್ಲೇ ಇಟ್ಟು, ಆಮೇಲೆ ಒಂದೊಂದೇ ಕೆಳಗಿಳಿಸಿದ್ದಾರೆ. ಕದಿಯೋಕೆ ಬಂದ್ರೂ ಈ ನೆಲ ಕೊಳಕು ಮಾಡೋಕೆ ಮನಸ್ಸು ಬಂದಿಲ್ಲ."

ವ್ಲಾಸ್ತಾ ಕುರ್ಚಿಯಿಂದ ಎದ್ದು ನಿಂತರು. "ಎವ್ಜೆನ್?"

"ನಮ್ಮ ತೋಟದ ಗುಡಿಸಲಲ್ಲಿವೆ," ಎಂದರು ಎವ್ಜೆನ್. "ಹಕ್ಕಿಗರಿ ತುಂಬಿದ ದಪ್ಪ ಹೊದಿಕೆ ಸುತ್ತಿಟ್ಟಿದ್ದೀನಿ. ಒಂದು ಚೀಟಿನೂ ನೆಂದಿಲ್ಲ."

"ಯಾಕೆ?"

ಲಿಬೊರ್ ಪತ್ರವನ್ನು ಎವ್ಜೆನ್ ಕೈಗೆ ಕೊಟ್ಟ. "ಮೂರನೇ ಪ್ಯಾರಾ. ಅವತ್ತು ಬಿಟ್ಟು ಓದಿದ್ದು. ಈಗ ಓದಿ."

ಎವ್ಜೆನ್ ಓದಿದರು. ವ್ಲಾಸ್ತಾ ಅಲುಗಾಡದೆ ಕೇಳಿದರು. ಕಿಟಕಿಯಾಚೆಯ ಮಂಜು ಮನೆಯೊಳಗೂ ಬಂದು ಕೂತಂತೆ ಎಲ್ಲವೂ ಮೆತ್ತಗಾಗಿತ್ತು.

"ಇದನ್ನ ಓದಿದ್ರೆ ನೀವು ಒಪ್ಪಿಬಿಡ್ತೀರಿ ಅಂತ ಹೆದರಿದೆ," ಎಂದರು ಎವ್ಜೆನ್. "ಕಣ್ಣು ಹೋಗೋ ಮೊದ್ಲು ಪುಸ್ತಕ ನೋಡ್ಬೇಕು ಅಂತ ನೀವು ಏನಕ್ಕೂ ಒಪ್ತಿದ್ರಿ. ಅವರು ಪದ ಕಿತ್ತು ಹಾಕ್ತಿದ್ರು. ನಾವು ಜಗಳ ಆಡಿ ಆಡಿ ಹುಡುಕಿದ ಪದಗಳು ವ್ಲಾಸ್ತಾ. ನಂಗೆ ಬೇರೆ ಏನಿದೆ? ನಾಳೆ ಅವರು ಬರಿಗೈಲಿ ಹೋದ್ಮೇಲೆ ತಂದಿಡೋಣ ಅಂತಿದ್ದೆ."

ವ್ಲಾಸ್ತಾ ಖಾಲಿ ಕಪಾಟಿನ ಹಲಗೆಯ ಮೇಲೆ ಕೈಯಿಟ್ಟರು.

"ಒಪ್ತಿದ್ನೇನೋ," ಎಂದರು. "ಹೌದು, ಒಪ್ತಿದ್ನೇನೋ. ಆದ್ರೆ ನನ್ನ ಬಾಯಿಂದ ಒಪ್ತಿದ್ದೆ. ಆಕ್ಷೇಪ ಇದ್ರೆ ತಿಳಿಸಿ ಅಂತ ನನ್ನನ್ನ ಕೇಳಿದ್ದಾರೆ. ನಿನ್ನನ್ನಲ್ಲ. ನಂಗೆ ಕಣ್ಣು ಕಾಣಲ್ಲ ಅಂತ ನನ್ನ ಬದಲು ನೀನೇ ತೀರ್ಮಾನ ಮಾಡ್ಬಿಟ್ಯಾ?"

ಇಷ್ಟು ವರ್ಷದಲ್ಲಿ ಮೊದಲ ಸಲ ಆಕೆಯ ಬಾಯಲ್ಲಿ 'ನೀನು' ಬಂದಿತ್ತು. ಲಿಬೊರ್ ನೋಟ್‌ಬುಕ್ ತೆರೆದು, ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ಕೂತ.

"ಕೇಸು ಹಾಕ್ಲಾ, ಟೀಚರ್?"

"ಬೇಡ. ಕತ್ತಲಾಗೋದ್ರೊಳಗೆ ಹದಿನಾಲ್ಕು ಪೆಟ್ಟಿಗೆನೂ ಕಪಾಟಿನಲ್ಲಿರಬೇಕು. ನಾಳೆ ಪ್ರಾಗ್‌ನವರು ಬರ್ಲಿ. ನಾನೇ ಮಾತಾಡ್ತೀನಿ. ಎಲ್ಲಾ ಪದ ಸೇರಿಸ್ತೀವಿ ಅಂದ್ರೆ ಒಯ್ಲಿ. ಇಲ್ಲಾಂದ್ರೆ ಕಾಫಿ ಕುಡಿದು ಹೋಗ್ಲಿ. ನನ್ನ ಕಣ್ಣು ಹಾಳಾಗ್ಲಿ, ಪದ ಉಳೀಲಿ."

"ಗುರುವಾರ..." ಎಂದು ಎವ್ಜೆನ್ ಅರ್ಧಕ್ಕೇ ನಿಲ್ಲಿಸಿದರು.

"ಗುರುವಾರ ಬಾ. ಚೀಟಿ ಕೆಲಸ ಇದೆ. ಆದ್ರೆ ನನ್ನ ಪತ್ರಗಳನ್ನ ಇನ್ಮೇಲೆ ಲಿಬೊರ್ ಓದ್ತಾನೆ."

"ನಾನಾ?" ಲಿಬೊರ್ ಗಾಬರಿಯಾದ. "ನನ್ನ ಓದು ಕುಂಟೋದು ನಿಮಗೆ ಗೊತ್ತಲ್ಲ ಟೀಚರ್!"

"ಗೊತ್ತು. ಆದ್ರೆ ಒಂದು ಪದಾನೂ ಬಿಡಲ್ಲ ನೀನು."

ಕಳ್ಳತನ ಬಯಲಾದಾಗ ನೆಟ್ಟಗೇ ನಿಂತಿದ್ದ ಎವ್ಜೆನ್, ಈ ಮಾತಿಗೆ ಕೈಯಲ್ಲಿದ್ದ ಪತ್ರವನ್ನು ಮೇಜಿನ ಮೇಲಿಟ್ಟು, ಗೋಡೆಯ ಕಡೆ ತಿರುಗಿ ಅತ್ತರು.