ಹನ್ನೊಂದು ಮಂದಿಯ ಆಟ

ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಹೊಡೆಯಿತು. ಸಹಾಯಕ ಪೊಲೀಸ್ ಇನ್‌ಸ್ಪೆಕ್ಟರ್ ಶುಭಾಂಗಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಒಳಗೆ ಕಾಲಿಟ್ಟಳು. ಹದಿನಾಲ್ಕು ವರ್ಷದ ಪೊಲೀಸ್ ಕೆಲಸದಲ್ಲಿ ಹೆಣಗಳನ್ನು ಬೇಕಾದಷ್ಟು ಕಂಡಿದ್ದಳು. ಹೆಣಕ್ಕೆ ಅವಳು ಹೇಸಲಿಲ್ಲ. ಬದುಕಿದ್ದ ಮನುಷ್ಯ ಇಂಥ ಕೊಳಕಿನಲ್ಲಿ ಇದ್ದನೇ ಎಂದು ಹೇಸಿದಳು.

ಶುಕ್ರವಾರ ಸಂಜೆ. ಮುಂಬೈಯ ಜೋಗೇಶ್ವರಿ ಪೂರ್ವದ ಹಳೆಯ ಚಾಳ್, ಸಾಲುಕೋಣೆಗಳ ಕಟ್ಟಡ. ಮೇಲ್ಮಹಡಿಯ ಒಂದೇ ಕೋಣೆ. ನೆಲದ ತುಂಬ ಬೂಷ್ಟು ಹಿಡಿದ ತಟ್ಟೆಗಳು. ಅರ್ಧ ಕುಡಿದ ಚಹಾದ ಗ್ಲಾಸುಗಳಲ್ಲಿ ಸತ್ತ ನೊಣಗಳು. ಮೂಲೆಯ ಎರಡು ಬಾಟಲಿಗಳಲ್ಲಿದ್ದದ್ದು ನೀರಲ್ಲ. ಪಾಯಿಖಾನೆ ಪಡಸಾಲೆಯ ಆ ತುದಿಗಿತ್ತು. ವಿಡಿಯೊ ಗೇಮಿನ ಆಟ ಬಿಟ್ಟು ಅಷ್ಟು ದೂರ ನಡೆಯಲು ಒಲ್ಲದವನು ಮಾಡಿಕೊಂಡ ಏರ್ಪಾಡು ಅದು.

ಸತ್ತವನು ಪ್ರಶಾಂತ. ಉಡುಪಿ ಕಡೆಯವನು, ವಯಸ್ಸು ಮೂವತ್ತಮೂರು, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಅನುವಾದದ ಕೆಲಸ ಮಾಡುತ್ತಿದ್ದ. ಕುರ್ಚಿಯಲ್ಲೇ ಕುಸಿದಿದ್ದ. ತುಟಿಯ ಸುತ್ತ ನೊರೆ ಒಣಗಿತ್ತು. ಕಾಲ ಬಳಿ ಪುಸ್ತಕದಂತೆ ಮಡಚುವ ಸಣ್ಣ ಗೇಮ್ ಯಂತ್ರ, ಎರಡು ಪರದೆಯದ್ದು. ಪಕ್ಕದಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಪೆನ್ನು. ಅದರ ಹಿಂತುದಿ ಹಲ್ಲಿಗೆ ಸಿಕ್ಕಿ ಜಜ್ಜಿ ಸೀಳಿಹೋಗಿತ್ತು, ಎಂಜಲು ಒಣಗಿ ಬೆಳ್ಳಗಾಗಿತ್ತು.

"ಇದನ್ನೂ ತಗೋಬೇಕೇನ್ರಿ ಮ್ಯಾಡಮ್?" ಹವಾಲ್ದಾರ್ ಶಶಿಕಾಂತ ಕೇಳಿದ. ಅವಳಂತೆಯೇ ಸೊಲ್ಲಾಪುರ ಕಡೆಯ ಕನ್ನಡದವನು.

"ತಗೊಂಡು ಚೀಲದಾಗ ಹಾಕ್ರಿ. ನನ್ನ ಮುಂದ ಹಿಡೀಬ್ಯಾಡ್ರಿ," ಎಂದು ಶುಭಾಂಗಿ ಮುಖ ತಿರುಗಿಸಿದಳು.

ಹೆಣ ಮೊದಲು ಕಂಡವನು ಕೊರಗ. ಕೆಳಗಿನ ರಸ್ತೆಯ ಉಡುಪಿ ಹೋಟೆಲಿನ ಹಳೆಯ ಆಳು. ವಯಸ್ಸು ಅರವತ್ತರ ಹತ್ತಿರ. ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಕೈಯಲ್ಲಿ ತಂತಿಯ ಸ್ಟ್ಯಾಂಡು, ಅದರಲ್ಲಿ ಆರಿಹೋದ ಚಹಾ.

"ಹನ್ನೊಂದು ಗಂಟೆಗೆ ಒಂದು ಚಾ ಕೊಟ್ಟು ಹೋದದ್ದು ಮೇಡಂ. ಆಗ ಆಡ್ತಾ ಇದ್ರು. ತಲೆ ಕೂಡ ಎತ್ತಲಿಲ್ಲ. ನಾಲ್ಕು ಗಂಟೆಗೆ ಬರುವಾಗ ಹೀಗೆ."

"ಚಹಾ ಮಾಡಿದವರು ಯಾರು?"

"ನಾನೇ."

"ತಂದವರು?"

"ಅದೂ ನಾನೇ."

* * *

ಡಾಕ್ಟರು ಎರಡೇ ಮಾತಿನಲ್ಲಿ ಮುಗಿಸಿದರು. ಕೀಟನಾಶಕ, ಬಾಯಿಂದಲೇ ಹೋಗಿದೆ. ಹೊಟ್ಟೆಯಲ್ಲಿ ಚಹಾ ಬಿಟ್ಟರೆ ಬೇರೆ ಏನೂ ಇಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನ ಒಡತಿ ಶೀಲಾವತಿಯ ಮಗ ಸುಹಾಸ ತಾನಾಗಿಯೇ ಠಾಣೆಗೆ ಬಂದ. ಇಪ್ಪತ್ತೇಳರ ಪ್ರಾಯ, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಫ್ಲಾಸ್ಕು ತುಂಬ ಕಾಫಿ.

"ಮ್ಯಾಡಮ್, ಹೇಳಬಾರದು. ಕೊರಗಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿ ಸ್ಕೂಲಿಗೆ ಬಿಟ್ಟವರು. ಬಟ್ ಸತ್ಯ ಮುಚ್ಚಿಡ್ಲಿಕ್ಕೆ ಆಗುದಿಲ್ಲ ಅಲ್ವಾ? ಹೋದ ವಾರ ಕೂದಲು ಸಿಕ್ಕಿತು ಅಂತ ಪ್ರಶಾಂತ್ ಭಾಯ್ ಇವರ ಮೈಮೇಲೆ ಸಾಂಬಾರ್ ಚೆಲ್ಲಿದ್ರು. ನಿನಗೆ ಒಂದು ದಿನ ಉಂಟು ಅಂತ ಇವರು ಎಲ್ಲರ ಎದುರು ಹೇಳಿದ್ರು. ಸ್ಟೋರ್ ರೂಮಲ್ಲಿ ತಿಗಣೆ ಔಷಧಿ ಉಂಟು. ಚಾವಿ ಇವರ ಹತ್ರವೇ ಇರುದು."

"ಪ್ರಶಾಂತ ಆಡ್ತಿದ್ದ ಆಟ ನಿನಗ ಗೊತ್ತದೇನು?"

"ನನಗಾ? ಗೇಮ್‌ಗೆಲ್ಲ ಟೈಮ್ ಎಲ್ಲಿ ಮ್ಯಾಡಮ್, ಗಲ್ಲಾ ನೋಡುದೇ ಸಾಕು."

ತಿಗಣೆ ಔಷಧಿಯ ಡಬ್ಬ ಸಿಕ್ಕಿತು. ಅದೇ ವಿಷ. ಸಾಂಬಾರಿನ ಜಗಳಕ್ಕೆ ಮೂವರು ಸಾಕ್ಷಿ ಹೇಳಿದರು. ಕೊರಗನನ್ನು ಒಳಗೆ ಹಾಕಿದರು. ಕೋರ್ಟು ಮುಂದಿನ ಶುಕ್ರವಾರದವರೆಗೆ ಪೊಲೀಸ್ ಕಸ್ಟಡಿ ಕೊಟ್ಟಿತು. ಅಷ್ಟರಲ್ಲಿ ಬೇರೆ ದಾರಿ ಕಾಣದಿದ್ದರೆ ಮುದುಕ ನೇರ ಜೈಲಿಗೆ ಹೋಗುತ್ತಿದ್ದ. ಅಲ್ಲಿಂದ ಹೊರಬರಲು ಅವನಿಗೆ ಆಯುಸ್ಸು ಸಾಲುತ್ತಿರಲಿಲ್ಲ.

ಶೀಲಾವತಿ ದಿನಾ ಮಧ್ಯಾಹ್ನ ಕ್ಯಾರಿಯರ್ ಹಿಡಿದು ಬರುತ್ತಿದ್ದಳು. ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ. ಕೊರಗ ಉಂಡು ಮುಗಿಸುವವರೆಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು.

"ಅವ ಮೂವತ್ತನಾಲ್ಕು ವರ್ಷ ನಮ್ಮಲ್ಲಿ ಇದ್ದಾನೆ ಮೇಡಂ. ಒಂದು ಇಲಿ ಸತ್ತರೆ ಮುಟ್ಟಲಿಕ್ಕೆ ಹೆದರುವ ಜನ," ಎನ್ನುವಳು. "ಗುರುವಾರ ಸಂಜೆ ಅವನಿಗೆ ಕಾಲುನೋವು ಅಂತ ನನ್ನ ಸುಹಾಸನೇ ಆ ರೂಮಿಗೆ ಚಾ ತೆಗೆದುಕೊಂಡು ಹೋದ. ಅಷ್ಟು ಪ್ರೀತಿ ನಮ್ಮ ಮನೆಯಲ್ಲಿ ಅವನ ಮೇಲೆ. ಅಂಥವನು ನಮ್ಮ ಹೋಟೆಲಿಗೆ ವಿಷದ ಹೆಸರು ತರುತ್ತಾನಾ?"

ಸೋಮವಾರ ಲ್ಯಾಬಿನಿಂದ ಉತ್ತರ ಬಂತು. ಹನ್ನೊಂದು ಗಂಟೆಯ ಚಹಾದಲ್ಲಿ ವಿಷವಿಲ್ಲ. ಗ್ಲಾಸಿನಲ್ಲೂ ಇಲ್ಲ.

"ಗ್ಲಾಸು ಬದಲು ಮಾಡಿರ್ತಾನೆ," ಎಂದರು ಸೀನಿಯರ್ ಸಾಹೇಬರು. ಫೈಲು ಮುಚ್ಚುವ ಆತುರ ಅವರಿಗೆ. ಶುಭಾಂಗಿಗೆ ಆ ಮಾತು ಗಂಟಲಿನಿಂದ ಕೆಳಗಿಳಿಯಲಿಲ್ಲ. ಸತ್ತ ನೊಣದ ಗ್ಲಾಸುಗಳನ್ನೂ ತೆಗೆಯದ ಆಳು, ಆ ಒಂದೇ ಗ್ಲಾಸನ್ನು ಏಕೆ ಬದಲಿಸಿಯಾನು?

* * *

ಪ್ರಶಾಂತನ ಫೋನಿನಲ್ಲಿ ಆ ಆಟ ಆಡುವವರ ಒಂದು ಗುಂಪಿತ್ತು. ಸದಸ್ಯರು ಹನ್ನೊಂದೇ ಮಂದಿ. ಗುರುವಾರ ಮಧ್ಯಾಹ್ನ ಅವನು ಅಲ್ಲಿ ಬರೆದದ್ದು ಇಷ್ಟು: "ನಾಳೆ ನಾನು ಕೊನೆಯ ಕಾಳಗ ಆಡುತ್ತೇನೆ. ಭಾನುವಾರ ನಮ್ಮ ಚಾಂಪಿಯನ್ ಬಗ್ಗೆ ಒಂದು ಸತ್ಯ ಹೇಳುತ್ತೇನೆ."

ಗುಂಪಿನಲ್ಲಿ ಮುಂಬೈಯ ನಂಬರು ಮೂರಿದ್ದವು. ಒಂದು ಪ್ರಶಾಂತನದು. ಒಂದು ಆ ಚಾಂಪಿಯನ್‌ನದು. ಸಿಮ್ ಯಾರ ಹೆಸರಿನದೋ, ಈಗ ಬಂದ್. ಮೂರನೆಯದು ಮುಲುಂಡಿನ ಯಕ್ಷಿತಾ ಎಂಬ ಹುಡುಗಿಯದು. ಇಪ್ಪತ್ತೆರಡು ವರ್ಷ. ಕರೆದ ಕೂಡಲೇ ತನ್ನ ಯಂತ್ರ ಹಿಡಿದು ಬಂದಳು.

"ಗೇಮ್ ಹೆಸರು ಸೊಕೊನಾಶಿ, ಮ್ಯಾಮ್. ಜಪಾನ್‌ದು. ತಳ ಇಲ್ಲದ್ದು ಅಂತ ಮೀನಿಂಗ್. ಒಂದು ಬಾವಿ ಒಳಗೆ ಇಳೀತಾ ಹೋಗೋದು. ಬಹುತ್ ಟಫ್. ಯಾರೂ ತಗೊಳ್ಳಲಿಲ್ಲ, ಕಂಪನಿ ಬಂದ್ ಆಯ್ತು. ಈಗ ಆಡೋದು ನಾವು ಹನ್ನೊಂದು ಜನ."

ಅವಳು ಆಡಿ ತೋರಿಸಿದಳು. ಮೇಲಿನ ಪರದೆಯಲ್ಲಿ ಮೂವರು ಯೋಧರು. ಎಡಗೈಯ ಗುಂಡಿಗಳು ಇಬ್ಬರನ್ನು ಓಡಿಸಬೇಕು, ಬಲಗೈಯವು ಮೂರನೆಯವನ ಕತ್ತಿ ಬೀಸಬೇಕು. ಎದುರಾಳಿ ಉಸಿರೆಳೆದಾಗ ಕೆಳಗಿನ ಪರದೆಯ ಮೇಲೆ ಪೆನ್ನಿನಿಂದ ಮಂತ್ರದ ಗೆರೆ ಎಳೆಯಬೇಕು. ಗೆರೆ ಕೂದಲೆಳೆಯಷ್ಟು ತಪ್ಪಿದರೂ ಮಂತ್ರ ತನ್ನವರಿಗೇ ಬಡಿಯುತ್ತದೆ. ಸತ್ತರೆ ಎರಡು ಗಂಟೆಯ ಆಟ ನೀರುಪಾಲು. ಶುಭಾಂಗಿಗೆ ತಲೆ ಗಿರ್ರೆಂದಿತು. ದುಡ್ಡು ಕೊಟ್ಟು ಇಂಥ ಕಾಟ ತಂದುಕೊಳ್ಳುವವರೂ ಇದ್ದಾರಲ್ಲ ಎಂದುಕೊಂಡಳು.

"ಇನ್ನು ಕೊನೆಯ ಕಾಳಗ ನೋಡಿ," ಎಂದಳು ಯಕ್ಷಿತಾ. ಬೆರಳುಗಳು ಚುರುಕಾದವು. ಗುಂಡಿ, ಗೆರೆ, ಮತ್ತೆ ಗುಂಡಿ. ಪೆನ್ನು ಕೆಳಗಿಡಲು ಪುರಸೊತ್ತಿಲ್ಲ. ಗೆರೆ ಎಳೆದವಳೇ ಅವಳು ಪೆನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಯನ್ನು ಗುಂಡಿಗೆ ಕೊಟ್ಟಳು. ತುಟಿಯಂಚಿನಿಂದ ಎಂಜಲು ಇಳಿಯಿತು.

"ಸಾರಿ ಮ್ಯಾಮ್. ಗಂದಾ ಹ್ಯಾಬಿಟ್," ಎಂದು ಒರೆಸಿಕೊಂಡಳು. "ಲಾಸ್ಟ್ ಫೈಟ್‌ನಲ್ಲಿ ಎಲ್ಲರೂ ಹೀಗೇ. ಬೇರೆ ದಾರಿ ಇಲ್ಲ."

ಶುಭಾಂಗಿ ಕುರ್ಚಿಯಿಂದ ಎದ್ದಳು. ಆ ಕೋಣೆಯ ಪೆನ್ನು ನೆನಪಾಯಿತು. ಲ್ಯಾಬಿಗೆ ಕಳಿಸಿದ ಪಟ್ಟಿಯಲ್ಲಿ ಅದು ಇರಲಿಲ್ಲ. ಇರಲಿಲ್ಲವೆಂದರೆ ಅವಳೇ ಬರೆದಿರಲಿಲ್ಲ. ಮುಟ್ಟಲು ಅಸಹ್ಯವೆಂದು ಮುಖ ತಿರುಗಿಸಿದ ಒಂದು ಕ್ಷಣಕ್ಕೆ ಕೊರಗ ನಾಲ್ಕು ದಿನದಿಂದ ಲಾಕಪ್ಪಿನ ನೆಲದ ಮೇಲೆ ಮಲಗಿದ್ದ. ಈಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಆ ಚಾಂಪಿಯನ್ ಯಾರು?"

"ಮುಖ ಯಾರೂ ನೋಡಿಲ್ಲ. ಲಾಸ್ಟ್ ಫೈಟ್ ಗೆದ್ದ ವಿಡಿಯೊ ಹಾಕಿದ್ದಾನೆ. ದುನಿಯಾದಲ್ಲಿ ಒಬ್ಬನೇ ಗೆದ್ದದ್ದು."

ವಿಡಿಯೊದಲ್ಲಿ ಎರಡು ಕೈ, ಗಲ್ಲ, ಹಲ್ಲಿನಲ್ಲಿ ಪೆನ್ನು. ನಾಲ್ಕು ನಿಮಿಷದಲ್ಲಿ ಒಂಬತ್ತು ಸಲ ಪೆನ್ನು ಬಾಯಿಗೆ ಹೋಯಿತು. ಹಿಂದಿನಿಂದ ಏನೋ ಗದ್ದಲ ಕೇಳುತ್ತಿತ್ತು. ಶುಭಾಂಗಿ ಧ್ವನಿ ಹೆಚ್ಚಿಸಿದಳು. ತಟ್ಟೆಗಳ ಸದ್ದು. ಅದರ ನಡುವೆ ಒಂದು ಮುದಿ ಕಂಠ ಆರ್ಡರು ಕೂಗಿತು: "ದೋ ಇಡ್ಲಿ, ಏಕ್ ಸಾದಾ, ಜಲ್ದಿ."

ಪಕ್ಕದಲ್ಲಿದ್ದ ಶಶಿಕಾಂತನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. "ಮ್ಯಾಡಮ್, ಇದು ನಮ್ಮ ಮುದುಕಪ್ಪನ ದನಿ ಐತ್ರಿ."

* * *

ಪೆನ್ನಿನ ಸೀಳಿನಲ್ಲಿ ವಿಷ ತುಂಬಿತ್ತು ಎಂಬ ವರದಿ ಕಸ್ಟಡಿ ಮುಗಿಯುವ ಮುನ್ನಾದಿನ, ಗುರುವಾರ ಬೆಳಿಗ್ಗೆ ಬಂತು. ಅದನ್ನು ಓದಿದವರು ಶುಭಾಂಗಿ ಮತ್ತು ಶಶಿಕಾಂತ ಇಬ್ಬರೇ.

ಮಧ್ಯಾಹ್ನ ಮೂರೂವರೆ. ಊಟದ ಗಿರಾಕಿಗಳು ಹೋಗಿ ಹೋಟೆಲು ಖಾಲಿಯಾಗಿತ್ತು. ಗಲ್ಲಾದಲ್ಲಿ ಶೀಲಾವತಿ. ಶಶಿಕಾಂತ ಕೊರಗನನ್ನು ಕರೆತಂದು ಒಂದು ಮೇಜಿನ ಬಳಿ ಕೂರಿಸಿದ. ಸುಹಾಸ ನಗುತ್ತ ಎದುರು ಬಂದ.

ಜೊತೆಗೆ ಬಂದಿದ್ದ ಯಕ್ಷಿತಾಳ ಯಂತ್ರವನ್ನು ಮೇಜಿನ ಮೇಲಿಟ್ಟು ಶುಭಾಂಗಿ ಕೇಳಿದಳು, "ಈ ಆಟ ಆಡ್ತಿಯಲ್ಲ?"

"ಇಲ್ಲ ಅಂತ ಹೇಳಿದೆನಲ್ಲ ಮ್ಯಾಡಮ್."

ಶುಭಾಂಗಿ ಫೋನಿನಲ್ಲಿ ವಿಡಿಯೊ ಹಚ್ಚಿದಳು. ಕೊರಗನ ಕೂಗು ಹೋಟೆಲಿನೊಳಗೆ ಕೇಳಿಸಿತು. ಸುಹಾಸನ ನಗು ಆರಿತು.

"ಓಕೆ, ಆಡ್ತೇನೆ. ಅದರಲ್ಲಿ ಕ್ರೈಮ್ ಏನುಂಟು?"

"ವಿಡಿಯೊ ಫೇಕ್," ಎಂದಳು ಯಕ್ಷಿತಾ. "ಎರಡು ಸಲ ಏಟು ಬಿದ್ರೂ ಹೀರೊನ ಜೀವ ಕಮ್ಮಿ ಆಗಿಲ್ಲ. ರೂಮಲ್ಲಿ ಸಿಕ್ಕ ನೋಟ್‌ಬುಕ್ ಮ್ಯಾಮ್ ತೋರಿಸಿದ್ರು, ಪ್ರಶಾಂತ್ ಭಾಯ್ ಅದರಲ್ಲಿ ಪೂರಾ ಲೆಕ್ಕ ಬರೆದಿದ್ದಾರೆ. ಚೀಟಿಂಗ್."

ಅವನ ಮುಖ ಕೆಂಪಾಯಿತು. "ನೀನು ಯಾರು ಹೇಳ್ಲಿಕ್ಕೆ? ಆ ಫೈಟ್ ನಾನು ಕಣ್ಣು ಮುಚ್ಚಿ ಆಡ್ತೇನೆ."

"ಹಂಗಾರ ಆಡಿ ತೋರ್ಸು," ಎಂದು ಶುಭಾಂಗಿ ಅಂಗಿಯ ಜೇಬಿನಿಂದ ಒಂದು ಪೆನ್ನು ತೆಗೆದಿಟ್ಟಳು. ಹಿಂತುದಿ ಜಜ್ಜಿ ಸೀಳಿತ್ತು. "ಪ್ರಶಾಂತನ ಕೋಣೆಯಾಗ ಇಂಥಾದ್ದೇ ಬಿದ್ದಿತ್ತು."

ಅವನು ಪೆನ್ನನ್ನು ಒಂದು ಕ್ಷಣ ನೋಡಿದ. ನಂತರ ಎತ್ತಿಕೊಂಡ. ಒಣಜಂಭ ಮನುಷ್ಯನಿಂದ ಏನೇನು ಮಾಡಿಸುತ್ತದೋ.

ಆಟ ಶುರುವಾಯಿತು. ಕೈ ಪಳಗಿದ್ದು ನಿಜ. ಮೂವರು ಯೋಧರೂ ಅವನ ಹೇಳಿಕೆಯಂತೆ ಕುಣಿದರು. ಎದುರಾಳಿ ಉಸಿರೆಳೆಯಿತು. ಅವನು ಗೆರೆ ಎಳೆದ. ಮುಂದಿನ ಏಟಿಗೆ ಎರಡೂ ಕೈ ಬೇಕು. ಅವನು ಪೆನ್ನನ್ನು ಶರ್ಟಿನ ಜೇಬಿಗೆ ತುರುಕಿದ, ತಡವಾಯಿತು. ಎರಡನೆಯ ಸಲ ತೊಡೆಯ ಮೇಲಿಟ್ಟ, ಜಾರಿ ಬಿತ್ತು. ಮೂರನೆಯ ಸಲ ಕಿವಿಗೆ ಸಿಕ್ಕಿಸಲು ಹೋಗಿ ಮೂವರೂ ಸತ್ತರು.

"ವಿಡಿಯೊದಾಗ ಒಂಬತ್ತು ಸಲ ಬಾಯಾಗ ಕಚ್ಚೀದಿ," ಎಂದಳು ಶುಭಾಂಗಿ. "ಇವತ್ತು ಒಂದು ಸಲನೂ ಇಲ್ಲ. ಯಾಕ?"

"ಎಂಜಲು ಪೆನ್ನು ಯಾರು ಕಚ್ತಾರೆ? ಹೈಜೀನ್ ಅಂತ ಒಂದು ಉಂಟಲ್ಲ."

ಅವಳು ಪೆನ್ನನ್ನು ಎತ್ತಿ ಪಕ್ಕದ ಮೇಜಿಗೆ ಚಾಚಿದಳು. "ಕೊರಗಣ್ಣಾ, ಇದನ್ನ ಸ್ವಲ್ಪ ಹಲ್ಲಾಗ ಹಿಡೀರಿ."

ಕೊರಗ ಏಕೆಂದು ಕೇಳಲಿಲ್ಲ. ಹೇಳಿದ್ದನ್ನು ಮಾಡಿಯೇ ಅವನ ಜನ್ಮ ಕಳೆದಿತ್ತು. ಜಜ್ಜಿದ ತುದಿಯನ್ನು ಬಾಯಿಗಿಟ್ಟು ಕಚ್ಚಿ ಹಿಡಿದ.

ಶುಭಾಂಗಿ ಸುಹಾಸನ ಮುಖವನ್ನೇ ನೋಡಿದಳು. ಅವನು ಕೊರಗನನ್ನು ನೋಡಿದ. ಹಣೆಯಲ್ಲಿ ಬೆವರು ಒಡೆಯಿತು. ಮುದುಕನನ್ನು ತಡೆಯಲು ಮಾತ್ರ ಕೈ ಚಾಚಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಕಳೆಯಿತು. ಅವನು ಕಣ್ಣನ್ನು ಬೇರೆಡೆಗೆ ಹೊರಳಿಸಿ ಗೋಡೆಯ ಮೇಲಿನ ತಿಂಡಿಗಳ ಪಟ್ಟಿ ಓದತೊಡಗಿದ.

ಮಗನ ಆ ಮುಖವನ್ನು ಶೀಲಾವತಿಯೂ ಕಂಡಳು. ಗಲ್ಲಾದಿಂದ ಎದ್ದು ಬಂದಳು. ಕೊರಗನ ಬಾಯಿಯಿಂದ ಪೆನ್ನನ್ನು ಎಳೆದು ತೆಗೆದು ಮಗನ ತುಟಿಯ ಹತ್ತಿರ ಹಿಡಿದಳು.

"ಕಚ್ಚು ಮಗ."

ಅವನು ಹಿಂದಕ್ಕೆ ಸರಿದ. ಕುರ್ಚಿ ಉರುಳಿತು. ಬೆನ್ನು ಗೋಡೆಗೆ ತಾಗಿದರೂ ಮುಖವನ್ನು ಅತ್ತ ಇತ್ತ ತಿರುಗಿಸುತ್ತಲೇ ಇದ್ದ. "ಅಮ್ಮ, ಬೇಡ. ಅದನ್ನು ಕೆಳಗೆ ಹಾಕು. ಕೈ ತೊಳಿ," ಎಂದು ತೊದಲಿದ.

"ಪೆನ್ನು ಹೊಸಾದದ. ನಾನೇ ಇವತ್ತು ಸುತ್ತಿಗಿಲೆ ಜಜ್ಜೀನಿ," ಎಂದಳು ಶುಭಾಂಗಿ. "ಅಸಲಿ ಪೆನ್ನು ಲ್ಯಾಬಿನಾಗ ಅದ. ವಿಷ ಪೆನ್ನಿನಾಗ ಇತ್ತಂತ ನಾವು ಯಾರಿಗೂ ಹೇಳಿಲ್ಲ. ಊರಿನವರೆಲ್ಲ ಚಹಾದಾಗ ಇತ್ತು ಅಂತ ತಿಳಕೊಂಡಾರ. ನಿನಗ ಹ್ಯಾಂಗ ಗೊತ್ತಾತು?"

ನಡೆದದ್ದನ್ನು ಅವಳೇ ಹೇಳಿದಳು. ಹೋದ ಗುರುವಾರ ಮಧ್ಯಾಹ್ನ ಪ್ರಶಾಂತನ ಸಂದೇಶ ಬಂತು. ಸಂಜೆ ಕೊರಗನ ಕಾಲುನೋವಿನ ನೆಪದಲ್ಲಿ ಇವನು ಚಹಾ ಒಯ್ದ. ಪ್ರಶಾಂತ ಕಂಪ್ಯೂಟರಿನಲ್ಲಿ ಮುಳುಗಿದ್ದಾಗ, ಕೊರಗನ ಚಾವಿಯಿಂದ ತೆಗೆದಿದ್ದ ತಿಗಣೆ ಔಷಧಿಯನ್ನು ಪೆನ್ನಿನ ಸೀಳಿಗೆ ತುಂಬಿ ಯಂತ್ರದ ಸಂದಿಗೆ ಸೇರಿಸಿ ಬಂದ. ಕೊನೆಯ ಕಾಳಗ ಬರುವವರೆಗೆ ಪೆನ್ನು ಬಾಯಿಗೆ ಹೋಗುವುದಿಲ್ಲ. ಅದು ಶುಕ್ರವಾರ ಎಂದು ಸತ್ತವನೇ ಬರೆದಿದ್ದ. ಆ ಹೊತ್ತಿಗೆ ಕೋಣೆಗೆ ಹೋಗುವುದು ಕೊರಗನ ಚಹಾ ಮಾತ್ರ. ಸಾಂಬಾರಿನ ಜಗಳ ಕೈಗೆ ಸಿಕ್ಕೇ ಇತ್ತು. ಉಳಿದದ್ದು ಒಂದು ಫ್ಲಾಸ್ಕು ಕಾಫಿ ಹಿಡಿದು ಠಾಣೆಗೆ ಬಂದು ಕೊರಗನ ಹೆಸರು ಹೇಳುವುದು.

"ಅವನು ಎಲ್ಲರಿಗೂ ಹೇಳ್ತಿದ್ದ," ಎಂದ ಸುಹಾಸ. ದನಿ ಅಳುವ ಮಗುವಿನದಾಗಿತ್ತು. "ಅಲ್ಲಿ ನನ್ನನ್ನು ಎಲ್ಲ ಕಿಂಗ್ ಅಂತಿದ್ರು. ಇಲ್ಲಿ ನಾನು ಯಾರು? ಇಡ್ಲಿ ಅಂಗಡಿಯ ಹುಡುಗ."

"ಎಲ್ಲರು ಅಂದ್ರ ಎಷ್ಟು ಮಂದಿ?" ಶುಭಾಂಗಿ ಕೇಳಿದಳು.

ಅವನು ತಲೆ ತಗ್ಗಿಸಿದ. ಹನ್ನೊಂದು ಮಂದಿ. ಅದರಲ್ಲಿ ಒಬ್ಬನು ಇವನೇ, ಒಬ್ಬನು ಸತ್ತವನು. ಉಳಿದ ಒಂಬತ್ತು ಜನರ ಚಪ್ಪಾಳೆಗೆ ಒಂದು ಜೀವ ತೆಗೆದು, ಇನ್ನೊಂದು ಜೀವವನ್ನು ಜೈಲಿಗೆ ನೂಕಲು ಹೊರಟಿದ್ದ. ಶುಭಾಂಗಿಗೆ ಆ ಕೋಣೆಯ ಬಾಟಲಿಗಳು ನೆನಪಾದವು. ಆ ಕೊಳಕು ತೊಳೆದರೆ ಹೋಗುತ್ತಿತ್ತು. ಇಸ್ತ್ರಿ ಶರ್ಟಿನೊಳಗಿನ ಈ ಕೊಳಕು ತೊಳೆದರೂ ಹೋಗುವಂಥದ್ದಲ್ಲ.

ಶಶಿಕಾಂತ ಅವನ ತೋಳು ಹಿಡಿದು ಹೊರಗೆ ನಡೆಸಿದ. ಶೀಲಾವತಿ ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.

"ಮೇಡಂ, ನಾಳೆಯಿಂದ ಠಾಣೆಗೆ ಕ್ಯಾರಿಯರ್ ಬರುವುದಿಲ್ಲ," ಎಂದಷ್ಟೇ ಹೇಳಿ ಗಲ್ಲಾಕ್ಕೆ ಹೋಗಿ ಕೂತಳು.

ಒಳಗಿನ ನಲ್ಲಿಯ ಬಳಿ ಕೊರಗ ಬಾಯಿ ಮುಕ್ಕಳಿಸುತ್ತಿದ್ದ. ಉಗುಳಿ, ಮತ್ತೆ ನೀರು ತುಂಬಿಕೊಂಡು, ಮತ್ತೆ ಉಗುಳುತ್ತಿದ್ದ. ಶುಭಾಂಗಿ ಅವನ ಹಿಂದೆ ನಿಂತಳು.

"ಆರು ದಿನ ನಿಮ್ಮನ್ನ ಒಳಗ ಹಾಕಿದ್ದು ನನ್ನ ತಪ್ಪು ಕೊರಗಣ್ಣ. ಆ ಪೆನ್ನಿನಾಗ ಏನೂ ಇರಲಿಲ್ಲ. ಹೆದರಬ್ಯಾಡ್ರಿ."

"ಗೊತ್ತುಂಟು ಮೇಡಂ. ವಿಷಕ್ಕೆ ಅಲ್ಲ." ಅವನು ಹೆಗಲ ಮೇಲಿನ ಬೈರಾಸಿನಿಂದ ತುಟಿ ಒರೆಸಿಕೊಂಡ. "ಬಾಯಿಗೆ ಇಡುವಾಗ ನಾನು ಹೆಗಲಲ್ಲಿ ಹೊತ್ತ ಆ ಮಗು ನೋಡ್ತಾ ಇತ್ತು. ಬೇಡ ಅಂತ ಹೇಳಲಿಲ್ಲ."

ಮತ್ತೊಮ್ಮೆ ಬೊಗಸೆ ತುಂಬ ನೀರು ಹಿಡಿದ.