ಹದಿನಾರು ಚೌಕದ ಆನೆ

"ಬಂತಾ?"

"ಇಲ್ಲ ಮಿಸ್."

"ಇನ್ನೊಂದ್ಸಲ ರಿಫ್ರೆಶ್ ಒತ್ತು."

ರಾಣಿ ಒತ್ತಿದಳು. ಶಾಲೆಯ ಹೊಸ ವೆಬ್‌ಸೈಟ್ ಮಿಣುಕಿ ಮತ್ತೆ ತೆರೆಯಿತು. ಶಾಲೆಯ ಹೆಸರು ಬಂತು, ಬಾವುಟದ ಫೋಟೋ ಬಂತು. ಪರದೆಯ ಮೇಲ್ತುದಿಯ ಎಡಮೂಲೆಯಲ್ಲಿ ಕಡಲೆಕಾಳಿನಷ್ಟು ಆನೆ ಬರಬೇಕಿತ್ತು. ಅದು ಮಾತ್ರ ಇಲ್ಲ.

ಆ ಆನೆ ರಾಣಿಯದು. ಗಣಿತದ ಪುಸ್ತಕದಲ್ಲಿ ಅಡ್ಡ ಹದಿನಾರು, ಉದ್ದ ಹದಿನಾರು ಚೌಕ ಎಣಿಸಿ, ಸೊಂಡಿಲಿಗೆ ಐದು, ಬಾಲಕ್ಕೆ ಎರಡು ಎಂದು ಹಂಚಿ ಬಣ್ಣ ತುಂಬಿದ್ದಳು. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಬಿಡಿಸಿದ್ದಳು. ವೆಬ್‌ಸೈಟಿಗೆ ಯಾರ ಚಿತ್ರ ಎಂದು ಏಳನೇ ಕ್ಲಾಸಿನವರು ಕೈಯೆತ್ತಿದಾಗ ವಸಂತನ ಹುಲಿಗಿಂತ ಅವಳ ಆನೆಗೆ ಒಂದೇ ಒಂದು ಓಟು ಜಾಸ್ತಿ ಬಿದ್ದಿತ್ತು.

"ಮಧ್ಯಾಹ್ನ ನಿಮ್ಮ ಅಪ್ಪ ಅಮ್ಮಂದಿರೆಲ್ಲ ನೋಡೋಕೆ ಬರ್ತಾರೆ. ಊಟದ ಬೆಲ್ ಒಳಗೆ ಆನೆ ಬರದಿದ್ರೆ ಹುಲಿ ಹಾಕಿ ನೋಡೋಣ," ಎಂದರು ಭಾಗ್ಯ ಮಿಸ್.

"ನಿನ್ನಾನೆ ಕಾಕನಕೋಟೆ ಕಾಡ್ಗೆ ಓಗ್ಬುಟ್ಟದೆ ಕಣೆ," ಎಂದ ಚಲುವರಾಜು.

"ಬಾಳೆಅಣ್ಣು ಮಡಗು, ಬತ್ತದೆ," ಎಂದಳು ಪ್ರಮೀಳಾ.

"ಓಡ್ಸಾಕಾದ್ರೆ ಪಟಾಕಿ ಒಡೀತೀವಿ. ಕರೆಯಾಕೆ ಏನೆ ಒಡೀಬೇಕು?" ಎಂದ ಚಲುವರಾಜು.

ಹಿಂದಿನ ಬೆಂಚು ಕಿಸಕ್ಕೆಂದಿತು. ರಾಣಿಗೆ ನಗುವೂ ಬಂತು, ಅಳುವೂ ಬಂತು.

ಫೈಲು ಸರಿಯಾದ ಫೋಲ್ಡರಿನಲ್ಲೇ ಇತ್ತು. ವಸಂತ್ ಅದರ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದ. ತಪ್ಪಿರಲಿಲ್ಲ. "ಬ್ರೌಸರ್ ಹಳೇ ಪೇಜನ್ನೇ ನೆನಪಿಟ್ಕೊಂಡಿರುತ್ತೆ," ಎಂದು ಮಿಸ್ ಆ ನೆನಪನ್ನೂ ಅಳಿಸಿದರು. ಕಂಪ್ಯೂಟರ್ ಆರಿಸಿ ಹಚ್ಚಿದರು. ಊಹೂಂ.

ವಸಂತ್ ಮೌಸಿಗೆ ಕೈ ಹಾಕಿದ.

"ನೀ ದೂರ ಓಗು. ನಿನ್ ಹುಲಿ ಬರ್ಲಿ ಅಂತ ತಾನೆ?" ಎಂದಳು ರಾಣಿ.

"ಇರು ಕಣೆ ವಸಿ."

ಅವನು ಪೇಜನ್ನು ಚಿಕ್ಕದು ಮಾಡಿ ಮೆಲ್ಲಗೆ ಬಲಕ್ಕೆ ಎಳೆದ. ಎಡಮೂಲೆಯಿಂದ ಮೊದಲು ಸೊಂಡಿಲು ಇಣುಕಿತು. ಆಮೇಲೆ ಕಿವಿ. ಆಮೇಲೆ ಹೊಟ್ಟೆ, ಕಾಲು, ಎರಡು ಚೌಕದ ಬಾಲ.

ಆನೆ ಎದ್ದುಬಂದ ಜಾಗವನ್ನು ಎಲ್ಲರೂ ನೋಡಿದರು. ಗಾಜಿನ ಮೇಲೆ ಹೆಬ್ಬೆರಳಗಲ ಗಂಧ, ಅದರ ಮೇಲೆ ಕುಂಕುಮ. ದಸರಾ ರಜೆಗೆ ಮುಂಚೆ ಮಾಡಿದ ಆಯುಧ ಪೂಜೆಯದು. ಪೂಜೆಯ ಕುಂಕುಮ ತಾನಾಗಿ ಉದುರಬೇಕೇ ಹೊರತು ಒರೆಸಬಾರದೆಂದು ಯಾರೂ ಮುಟ್ಟಿರಲಿಲ್ಲ. ದಿನಾ ನೋಡಿ ನೋಡಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಇಷ್ಟು ದಪ್ಪ ಹಚ್ಚಿದ್ದು ಯಾರು?" ಎಂದರು ಮಿಸ್.

"ನಾನೇ ಮಿಸ್. ಕಂಪ್ಯೂಟ್ರು ಲಕ್ಷಣವಾಗಿ ಕಾಣ್ಲಿ ಅಂತ," ಎಂದಳು ರಾಣಿ.

ಮಿಸ್ ಮೇಜು ಹಿಡಿದುಕೊಂಡು ನಕ್ಕರು. ಚಲುವರಾಜು ಬೆಂಚಿನಿಂದ ಜಾರಿ ನೆಲದ ಮೇಲೆ ಕೂತು ನಕ್ಕ. ರಾಣಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು.

"ಒರೆಸೋದು ಬೇಡ," ಎಂದರು ಮಿಸ್ ಕಣ್ಣೊರೆಸಿಕೊಳ್ಳುತ್ತ. "ಪೇಜನ್ನೇ ಪಕ್ಕಕ್ಕಿಡೋಣ."

ಬೆಲ್ ಹೊಡೆಯಿತು. ಎಲ್ಲರೂ ತಟ್ಟೆ ಹಿಡಿದು ಓಡಿದರು. ವಸಂತ್ ಮಾತ್ರ ಆನೆಯನ್ನು ಕುಂಕುಮದ ಹಿಂದಕ್ಕೆ ಕಳಿಸುತ್ತ, ಮತ್ತೆ ಹೊರಗೆ ಕರೆಯುತ್ತ ಒಬ್ಬನೇ ನಗುತ್ತಿದ್ದ. ಅವನ ಅಂಗಿಜೇಬಿನಿಂದ ಒಂದು ಫ್ಲಾಪಿ ಇಣುಕುತ್ತಿತ್ತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದಿತ್ತು: ಹುಲಿ.

ಬಾಗಿಲ ತನಕ ಹೋಗಿದ್ದ ರಾಣಿ ತಿರುಗಿ ಬಂದು ಅದನ್ನು ನೋಡಿದಳು. ಆಮೇಲೆ ತನ್ನ ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ನಿನ್ ಹುಲೀನೂ ತೋರ್ಸು," ಎಂದಳು.